ಚುಕ್ಕಿಯ ಪರೀಕ್ಷೆಗೆ ನಾನು ಕೂತದ್ದು

ಆ ದಿನ ದೊಡ್ಡಿಯಲ್ಲಿ ನಾಲ್ಕು ಆಡುಗಳಿದ್ದವು ಎಂದು ನನ್ನ ನೆನಪು. ಮಾರನೆಯ ದಿನ ಬರೆದ ಡೈರಿಯಲ್ಲಿ ಎರಡು ಎಂದಿದೆ. ಮಾನ ಉಳಿಸಿಕೊಳ್ಳಲು ಡೈರಿಯಲ್ಲೇ ಎರಡನ್ನು ಕಳೆದೆನೋ, ಕಥೆ ಹೇಳಿ ಹೇಳಿ ಆಮೇಲೆ ಎರಡು ಹುಟ್ಟಿಕೊಂಡವೋ ಗೊತ್ತಿಲ್ಲ. ನಾನು ಒಳಗಿದ್ದದ್ದು ಮಾತ್ರ ನಿಜ.

ಹಂಪಾಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಮಗಳದೇ ಚಿಂತೆ. ಚುಕ್ಕಿಗೆ ನಾಲ್ಕು ತುಂಬಿದರೂ ‘ಹೂಂ’, ‘ಊಹೂಂ’ ಬಿಟ್ಟರೆ ಮೂರನೆಯ ಮಾತಿಲ್ಲ.

“ಮಗೀಗೆ ಏನಾರ ಕೊರತೆ ಐತಾ, ನೀನೇ ನೋಡಿ ಹೇಳು. ನಂಗೆ ನಿದ್ದೇನೆ ಬತ್ತಿಲ್ಲ ಕಣೆ.”

ನಾನು ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. “ಒಂದು ಬೆಳಗ್ಗೆ ಸಾಕು ಬಿಡು!” ಎಂದೆ.

ಸ್ಕೇಲು ಹಿಡಿದು ಗೆರೆ ಎಳೆದು ಹನ್ನೊಂದು ಪ್ರಶ್ನೆಗಳ ಪಟ್ಟಿ ತಯಾರಿಸಿದೆ. ಮೊದಲನೆಯದು: ‘ಒಂಟಿಯಾಗಿ ಬಿಟ್ಟರೆ ಗಾಬರಿಯಾಗುತ್ತದೆಯೇ?’ ಕೆಳಗೆ ಕೆಂಪು ಶಾಯಿಯಲ್ಲಿ ನಿಯಮ: ‘ವೀಕ್ಷಕರು ಯಾವ ಕಾರಣಕ್ಕೂ ಮಗುವಿಗೆ ಕಾಣಿಸಿಕೊಳ್ಳಬಾರದು.’ ಅಕ್ಕನನ್ನು ಸರಗೂರಿನ ಬಸ್ಸು ಹತ್ತಿಸಿದೆ. ಅವಳ ಅತ್ತೆ ಪುಟ್ಟಮ್ಮನವರು ಹುರುಳಿ ಹೊಲಕ್ಕೆ ಹೋದರು. ನಾನು ಅಂಗಳದ ಮೂಲೆಯ ಆಡಿನ ದೊಡ್ಡಿಯೊಳಗೆ ನುಸುಳಿ, ತಗಡಿನ ಬಾಗಿಲ ಸಂದಿಗೆ ಕಣ್ಣಿಟ್ಟೆ.

ಚುಕ್ಕಿ ಅಳಲಿಲ್ಲ. ಹಿಟ್ಟಿಗೆ ಬಾಯಿ ಹಾಕಿದ ಕೋಳಿಯನ್ನು ಓಡಿಸಿದಳು. ಚಪ್ಪಲಿಗಳನ್ನು ಜೋಡಿಸಿಟ್ಟಳು. ಆಮೇಲೆ ಸ್ವಂತ ಅಡುಗೆಮನೆಗೆ ಹೋಗುವಂತೆ ಪಕ್ಕದ ನಾಗಮ್ಮನ ಮನೆಗೆ ಹೋಗಿ, ಒಂದು ರಾಗಿರೊಟ್ಟಿ ಹಿಡಿದುಕೊಂಡು ಬಂದಳು. ಇಡೀ ಬೀದಿಯೇ ತನ್ನದೆಂಬ ನಡಿಗೆ! ನಾನು ಮೆಚ್ಚಿ ಬರೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ದೊಡ್ಡಿಯ ಬಾಗಿಲು ಸ್ವಲ್ಪ ತೆರೆದಿರುವುದು ಅವಳ ಕಣ್ಣಿಗೆ ಬಿತ್ತು. ಓಡಿ ಬಂದು, ದಬಕ್ಕನೆ ತಳ್ಳಿ, ಹೊರಗಿನಿಂದ ಸರಪಳಿ ಸಿಕ್ಕಿಸಿದಳು.

ಆಗಲೇ ಕೂಗಬಹುದಿತ್ತು. ಆದರೆ ನಿಯಮ! ಉಸಿರು ಬಿಗಿಹಿಡಿದೆ. ಒಂದು ಆಡು ಬಂದು ಪಟ್ಟಿಯ ಮೊದಲ ಆರು ಪ್ರಶ್ನೆಗಳನ್ನು ತಿಂದಿತು. ಉಳಿದದ್ದನ್ನು ಕಾಪಾಡಲು ಹೋದರೆ ಇನ್ನೊಂದು ನನ್ನ ಸೆರಗಿಗೆ ಬಾಯಿ ಹಾಕಿತು. ನಾನು ಕಿರುಚಿಕೊಂಡೆ. ಅತ್ತುಬಿಟ್ಟೆ ಎಂದೂ ಮನೆಯವರು ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ.

ಸಂದಿಯಲ್ಲಿ ಎರಡು ಕಣ್ಣು ಕಂಡವು.

“ಚಿಕ್ಕವ್ವಾ, ಆಡ್ಗಳ ಜೊತ್ಗೆ ಯಾಕ್ ಕುಂತಿದ್ದೀಯೆ?”

“ಬಾಗಿಲು ತೆಗಿ ಕಂದಾ!”

“ತೆಗಿಯಕ್ಕಿಲ್ಲ. ಆಡು ಓಡೋದ್ರೆ ಉಳ್ಳಿ ವಲ ಮೇದಾಕ್ತವೆ, ಅಜ್ಜಿ ಬಯ್ತಳೆ.”

“ನಾನು ಹೇಳ್ತಿದ್ದೀನಲ್ಲಾ!”

“ನಿಂಗೆ ಗೊತ್ತಾಗಕ್ಕಿಲ್ಲ ಬುಡು. ಅಳ್ಬ್ಯಾಡ, ಅಜ್ಜಿ ಈಗ ಬತ್ತಳೆ.”

ಬಾಗಿಲ ಅಡಿಯಿಂದ ಅರ್ಧ ರೊಟ್ಟಿ ಒಳಗೆ ಬಂತು. ಆಡುಗಳಿಗೆ ಸಿಗದಂತೆ ತಿಂದೆ. ಚುಕ್ಕಿ ಹೊರಗೆ ಕೂತು, ಯಾವ ಆಡು ಹಾಯುತ್ತದೆ, ಯಾವುದು ಸಾಧು ಎಂದು ನನಗೆ ಧೈರ್ಯ ಹೇಳುತ್ತಲೇ ಇದ್ದಳು.

ಬಿಸಿಲೇರಿದ ಮೇಲೆ ಅಕ್ಕನೂ ಪುಟ್ಟಮ್ಮನವರೂ ಒಟ್ಟಿಗೇ ಬಂದರು. ಅಕ್ಕ ಅಂಗಳದಲ್ಲೇ ನಿಂತುಬಿಟ್ಟಳು. ಕೈಚೀಲ ಜಾರಿ ಬಿತ್ತು. “ಅತ್ತೆ, ಇಷ್ಟೊಂದು ಮಾತು ಬತ್ತದಾ ಇವ್ಳಿಗೆ?”

“ಬರ್ದೆ ಏನು? ನೀವು ಬಾಯಿ ಮುಚ್ಚುದ್ರೆ ತಾನೆ ಮಗು ಬಾಯಿ ಬುಡಾದು!” ಎನ್ನುತ್ತಾ ಪುಟ್ಟಮ್ಮ ಸರಪಳಿ ತೆಗೆದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಯ್ಯ, ಇಷ್ಟೊಂದು ಓದ್ಕಂಡು ಇಲ್ಲಿಗಾ ಬಂದು ಸೇರ್ಕಂಡೆ?”

ಅಕ್ಕ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ, ಇದನ್ನೂ ನಾನು ಖಚಿತವಾಗಿ ಹೇಳಲಾರೆ. ಆ ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದಳಂತೆ.

ಊರಿಗೆ ಮರಳಿ ಹೊಸ ಪಟ್ಟಿ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು. ಅಕ್ಕನಿಗೆ ಫೋನಿನಲ್ಲಿ ಬರೆದು ಕೇಳಿದೆ: “‘ಒಂಟಿಯಾಗಿ ಬಿಟ್ಟರೆ ಗಾಬರಿಯಾಗುತ್ತದೆಯೇ’ ಅನ್ನೋದಕ್ಕೆ ‘ಹೌದು’ ಅಂತ ಬರೀಬೇಕು. ಮೇಲೆ ಮಗುವಿನ ಹೆಸರು ಅನ್ನೋ ಕಡೆ ಯಾರ ಹೆಸರು ಹಾಕಲಿ?”