ಚಂದ್ರನ ಮ್ಯಾಲಿನ ಎಕರೆ

ಹುಬ್ಬಳ್ಳಿ ರಜಿಸ್ಟ್ರಾರ್ ಆಫೀಸಿನ ಮುಂದ, ಬೇವಿನ ಗಿಡದ ಬುಡಕ ಟೇಬಲ್ ಹಾಕ್ಕೊಂಡು ಮೂವತ್ತು ವರ್ಷದಿಂದ ಪತ್ರ ಬರ್ಯಾಕತ್ತೇನಿ. ಜಾಗಾದ ವಿಷಯ ಬಂತಂದ್ರ ಶ್ಯಾಣ್ಯಾರಿಗೂ ಹುಚ್ಚು ಹಿಡಿತೈತಿ, ಅಂಥವರು ದಿನಾ ಒಬ್ಬರು ನನಗ ಗಂಟು ಬೀಳತಾರ. ಉಣಕಲ್ಲಿನ ಕಿರಾಣಿ ಅಂಗಡಿಯಂವ ಮಾತ್ರ ಎಲ್ಲಾರನೂ ಮೀರಿಸಿದ.

೧. ನಾಕೂ ದಿಕ್ಕು

ಅಂವ ಇಂಟರ್ನೆಟ್ಟಿನ್ಯಾಗ ಚಂದ್ರನ ಮ್ಯಾಲೆ ಒಂದು ಎಕರೆ ತಗೊಂಡಿದ್ದ. ಬಣ್ಣದ ಸರ್ಟಿಫಿಕೇಟ್ ಟೇಬಲ್ ಮ್ಯಾಲೆ ಹಾಸಿದ.

"ಸರ, ಇದನ್ನ ರಜಿಸ್ಟರ್ ಮಾಡಿಸಿ ಕೊಡ್ರಿ."

ಬಾಜೂಕ ಯಾರ್ಯಾರ ಜಾಗಾ ಐತಿ ಅಂತ ನಾಕೂ ದಿಕ್ಕು ಬರೀದ ಪತ್ರ ಆಗಂಗಿಲ್ಲ. ಇಂವನ್ನ ಸಾಗಹಾಕಬೇಕಂತ ಅದನ್ನ ಕೇಳಿದೆ.

"ಪೂರ್ವಕ್ಕ ತೆಗ್ಗು, ಪಶ್ಚಿಮಕ್ಕೂ ತೆಗ್ಗು, ದಕ್ಷಿಣಕ್ಕ ಧೂಳ್ರಿ."

"ಉತ್ತರಕ್ಕ?"

"ಅಮೇರಿಕಾದವರ ಧ್ವಜ ಐತೇನೋರಿ. ಅವರದೂ ಸಹಿ ಬೇಕೇನ್ರಿ?"

೨. ಖರೇ ಮಾಲಕ

"ತಮ್ಮಾ, ಚಂದ್ರ ಯಾ ದೇಶದ್ದೂ ಅಲ್ಲಂತ ದೇಶದೇಶದವರು ಕೂಡಿ ಒಪ್ಪಂದ ಮಾಡ್ಕೊಂಡಾರ. ನಿನಗ ಮಾರಿದಂವ ಯಾಂವಪಾ?" ಅಂತ ಬೈದೆ.

ಅಂವನ ಮಾರಿ ಅರಳಿತು. "ಯಾರದೂ ಅಲ್ಲಂದ್ರ ಛಲೋನ ಆತಲ್ರೀ! ನಾಳೆ ಕಂಪನಿಯವರು ಗಣಿ ತಗ್ಯಾಕ ಹೋಗತಾರ, ಅವರಿಗೆ ಚಾ-ಚುರುಮರಿ ಬೇಕಲ್ಲ? ಅಂಗಡಿ ಹಾಕತೇನಿ. ಖರೇ ಮಾಲಕ ಬಂದು ತಕರಾರು ಮಾಡೋ ಅಂಜಿಕಿನ ಇಲ್ಲ!"

೩. ವಾಟ್ನಿ

ಮುಂದಿನ ವಾರ ಅಂವ ತನ್ನ ಅಣ್ಣನ್ನ, ಅವ್ವನ್ನ ಕರಕೊಂಡು ಬಂದ. ಅಪ್ಪ ಬಿಟ್ಟುಹೋದ ಉಣಕಲ್ಲಿನ ಮನಿ ಹಂಚಕೊಳ್ಳೋ ವಾಟ್ನಿ ಪತ್ರಕ್ಕ ಅವತ್ತ ಸಹಿ. ವರ್ಷಗಟ್ಟಲೆ ಜಗಳಾಡಿ ಹೆಂಗೋ ಒಪ್ಪಿದ್ರು. ಅವತ್ತೂ ತಪ್ಪಿದ್ರ ಕೋರ್ಟಿನ ಕಟ್ಟಿ ಹತ್ತೋದ ಗತಿ, ಆಮ್ಯಾಲೆ ಅಣ್ಣ-ತಮ್ಮ ಒಬ್ಬರ ಮಾರಿ ಒಬ್ಬರು ನೋಡತಿದ್ದಿಲ್ಲ.

ಅಣ್ಣ ಪತ್ರ ಓದಿ ಪೆನ್ನು ಕೆಳಗಿಟ್ಟ. "ಇದರಾಗ ಚಂದ್ರನ ಎಕರೆ ಎಲ್ಲೈತಿ? ಕೂಡಿ ಇದ್ದಾಗ ತಗೊಂಡದ್ದು. ನನಗ ಅರ್ಧಾ ಬರಬೇಕು."

"ಪೂರಾ ನೀನ ತಗೋ ಯಣ್ಣಾ," ಅಂದ ತಮ್ಮ.

"ಇಷ್ಟು ಲಗೂ ಬಿಟ್ಟುಕೊಡಾಕತ್ತೀ ಅಂದ್ರ ಅದರಾಗ ಏನೋ ಭಾನಗಡಿ ಐತಿ!"

ತಮ್ಮಗ ಸಿಟ್ಟು ನೆತ್ತಿಗೇರಿತು. "ಹಂಗಾರ ಒಂದು ಗೇಣೂ ಕೊಡಂಗಿಲ್ಲ. ಚಂದ್ರ ನಂದು!"

"ನಂದೂ ಐತಿ!"

ಎಂಟು ಹಾಳಿ ಬರದು ಕುಂತ ನನಗ ಅಳು ಬರೋದೊಂದು ಬಾಕಿ. ಅಷ್ಟರಾಗ ಬೆಂಚಿನ ಮ್ಯಾಲಿದ್ದ ಅವ್ವ ಎದ್ದಳು.

"ಚಂದ್ರ ನಿಮ್ಮದೇನ್ರೋ? ಇವತ್ತ ಸಂಕಷ್ಟಿ. ಮುಂಜಾನಿಂದ ಉಪವಾಸ ಅದೇನಿ, ಅಂವ ಮೂಡಿದ ಮ್ಯಾಲೇನ ನನ್ನ ಬಾಯಾಗ ತುತ್ತು. ಯಾರಪ್ಪಂದೈತೋ ಅವರು ಈಗಿಂದೀಗ ಕರಸ್ರಿ. ನನಗ ಹಸಿವ್ಯಾಗೇತಿ!"

ಇಬ್ಬರೂ ಮ್ಯಾಲೆ ನೋಡಿದ್ರು. ಮಧ್ಯಾಹ್ನದ ಬಿಸಲು ಕಣ್ಣಿಗೆ ಹೊಡೀತು. ಅಣ್ಣ ಪಟಪಟ ಎಂಟೂ ಹಾಳಿಗೆ ಸಹಿ ಹಾಕಿ, ಪತ್ರ ತಮ್ಮನ ಕಡೆ ದೂಡಿದ.

"ಚಂದ್ರ ನಿನಗ ಇರಲಿ," ಅಂದ. "ಇನ್ನ ಮ್ಯಾಲೆ ಸಂಕಷ್ಟಿಗೆ ಅಂವ ತಡಾ ಮಾಡಿದ್ರ ಅವ್ವಗ ಜವಾಬು ಕೊಡಾಂವ ನೀನ."