ನೀಲವ್ವನ ನಳಕ್ಕೆ ನೀರು ಬಂದದ್ದು

ನೀರು ಸರಬರಾಜು ಇಲಾಖೆಯವನಿಗೆ ಬಾಡಿಗೆ ಮನೆ ಸಿಗುವುದು ಬಹಳ ಸುಲಭ. ಸಿಕ್ಕ ಮನೆಯಲ್ಲಿ ಇರುವುದು ಕಷ್ಟ. ಮಾಸ್ತರರಿಗೆ ಮನೆ ಕೊಟ್ಟವರು ತಮ್ಮ ಮಗ ಪಾಸಾಗಲಿ ಎಂದು ಆಸೆಪಡುತ್ತಾರೆ. ಕಂಪೌಂಡರನಿಗೆ ಕೊಟ್ಟವರು ಪುಕ್ಕಟೆ ಗುಳಿಗೆಗೆ ಆಸೆಪಡುತ್ತಾರೆ. ಅವು ಕೈಗೂಡದಿದ್ದರೆ ಹುಡುಗನ ಹಣೆಬರಹ, ದೇವರ ಇಚ್ಛೆ ಎಂದು ಸಮಾಧಾನಪಡಬಹುದು. ನೀರಿನ ಆಫೀಸಿನವನ ವಿಷಯದಲ್ಲಿ ಮಾತ್ರ ದೇವರನ್ನು ನಡುವೆ ತರಲು ಬರುವುದಿಲ್ಲ. ನಳ ತಿರುವಿದರೆ ಅವನ ಯೋಗ್ಯತೆ ಅಲ್ಲಿಯೇ ಗೊತ್ತಾಗುತ್ತದೆ.

ಎಂಬತ್ತರ ದಶಕದಲ್ಲಿ ನಾನು ನವಲಗುಂದದ ಕಡೆಯ ಒಂದು ಊರಿನಲ್ಲಿ ಇಂಥ ಆಫೀಸಿನ ಗುಮಾಸ್ತನಾಗಿದ್ದೆ. ಊರಿನ ಹೆಸರು ಬೇಡ. ಅಲ್ಲಿಯವರು ನನ್ನನ್ನು ಇನ್ನೂ ಮರೆತಿಲ್ಲವೆಂದು ಕೇಳಿದ್ದೇನೆ. ಎರೆಭೂಮಿಯ ಊರು. ಬಾವಿ ತೋಡಿದರೆ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಹೀಗಾಗಿ ಕೆರೆಯಿಂದ ಎತ್ತರದ ಟಾಕಿಗೆ ಏರಿ, ಅಲ್ಲಿಂದ ನಳಗಳಿಗೆ ಇಳಿಯುವ ಸಿಹಿನೀರಿಗೆ ಊರೆಲ್ಲ ಬಾಯಿ ಬಿಟ್ಟುಕೊಂಡು ಕೂತಿರುತ್ತಿತ್ತು. ಆ ನೀರು ಯಾವಾಗ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ, ಆಫೀಸಿನಲ್ಲಿದ್ದ ನನಗೂ. ಅದಕ್ಕೆ ಜನ ತಮ್ಮದೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ನಳದ ಕಿವಿಯನ್ನು ತಿರುವಿಯೇ ಇಡುವುದು, ಅದರ ಕೆಳಗೆ ಒಂದು ತಗಡಿನ ಡಬ್ಬಿಯನ್ನು ಬೋರಲು ಹಾಕುವುದು. ನೀರು ಬಂದರೆ ಡಬ್ಬಿ ಬಡಿದುಕೊಳ್ಳುತ್ತಿತ್ತು. ಕೇಳಿದವರು ಕೊಡ ಹಿಡಿದು ಓಡುತ್ತಿದ್ದರು. ಮನೆಯವರು ಹೊಲಕ್ಕೋ ಸಂತೆಗೋ ಹೋಗಿದ್ದರೆ ಡಬ್ಬಿ ತನ್ನಷ್ಟಕ್ಕೆ ತಾನು ಬಡಿದುಕೊಂಡು ಸುಮ್ಮನಾಗುತ್ತಿತ್ತು.

ನಮ್ಮ ಮನೆ ಇದ್ದದ್ದು ಕಡೀ ಓಣಿಯಲ್ಲಿ. ಹೆಸರೇ ಹೇಳುವಂತೆ ಪೈಪು ಅಲ್ಲಿಗೆ ಮುಗಿಯುತ್ತದೆ. ಮನೆಯ ಒಡತಿ ನೀಲವ್ವ ಹಣೆ ತುಂಬ ವಿಭೂತಿ ಧರಿಸುವ, ಬಾಯಿ ತುಂಬ ಮಾತಾಡುವ ವಿಧವೆ. ಹಿಂದಿನ ಪಡಸಾಲೆಯಲ್ಲಿ ತಾನಿದ್ದು ಮುಂದಿನ ಭಾಗವನ್ನು ಬಾಡಿಗೆಗೆ ಕೊಡುತ್ತಿದ್ದಳು. ನಾನು ಮನೆ ನೋಡಲು ಹೋದ ದಿನ, ಬಾಡಿಗೆ ಎಷ್ಟು ಎಂದು ಕೇಳಿದೆ.

"ಬಾಡಿಗಿ ಮಾತು ಆಮ್ಯಾಲ ಆಡೂಣ್ರಿ. ಮೊದಲ ನಳಾ ನೋಡ್ರಿ," ಎಂದಳು.

ನೋಡಿದೆ. ನಳದ ಬಾಯಲ್ಲಿ ಜೇಡ ಮನೆ ಕಟ್ಟಿಕೊಂಡು ನೆಮ್ಮದಿಯಿಂದಿತ್ತು. ಈ ಮನೆಯನ್ನು ನನಗೆ ಯಾಕೆ ಕೊಡುತ್ತಿದ್ದಾಳೆಂಬುದು ಅಷ್ಟು ಹೊತ್ತಿಗೆ ಅರ್ಥವಾಗಬೇಕಿತ್ತು. ಆದರೆ ಮನೆ ಅಗದಿ ಚೆನ್ನಾಗಿತ್ತು. ದಪ್ಪ ಮಣ್ಣಿನ ಗೋಡೆ, ಬೇಸಿಗೆಯಲ್ಲೂ ತಂಪು. ನನ್ನ ಹೆಂಡತಿ ಶಾರದೆ ಆಗ ಬಸುರಿ. ಸಂಶಿಯ ತವರಿಗೆ ಹೆರಿಗೆಗೆ ಹೋದರೂ ಕೂಸಿನೊಂದಿಗೆ ಬರುವುದು ಇದೇ ಮನೆಗೆ ಎಂದು ಆಕೆ ಬಂದ ವಾರದಲ್ಲೇ ತೀರ್ಮಾನಿಸಿ, ತೊಟ್ಟಿಲು ತೂಗುಹಾಕಲು ಒಂದು ತೊಲೆಯನ್ನೂ ಆರಿಸಿಟ್ಟಿದ್ದಳು. ನನಗೂ ಆ ಮನೆಯೆಂದರೆ ಬಹಳ ಪ್ರೀತಿಯಾಗಿತ್ತು.

ಕೆಲವು ತಿಂಗಳು ಕಾದ ನೀಲವ್ವ ಒಂದು ದಿನ ಬಾಗಿಲಿಗೆ ಬಂದು ನಿಂತಳು. "ನೋಡ್ರಿ, ನೀರಿನ ಆಫೀಸಿನ್ಯಾವ್ರು ಅಂತ ಮನಿ ಕೊಟ್ನಿ. ಇನ್ನೂ ದೂರದ ನಳದಿಂದ ಕೊಡಾ ಹೊರೂದು ತಪ್ಪಿಲ್ಲ. ಶ್ರಾವಣ ಬರೂದ್ರಾಗ ನಳಾ ಬರ್ಲಿಲ್ಲಂದ್ರ ನೀವು ಬ್ಯಾರೆ ಮನಿ ನೋಡ್ಕೋರಿ. ಜ್ವಾಳದ ವ್ಯಾಪಾರಿ ಕೇಳಾಕತ್ತ್ಯಾನ."

ಜೋಳದ ವ್ಯಾಪಾರಿಯಿಂದ ಯಾರೂ ನೀರು ನಿರೀಕ್ಷಿಸುವುದಿಲ್ಲವಲ್ಲ ಎಂದು ನಾನು ಅವನ ಬಗ್ಗೆ ಹೊಟ್ಟೆಕಿಚ್ಚುಪಟ್ಟೆ.

ಅದೇ ಸುಮಾರಿಗೆ ಮೇಲಿನಿಂದ ಒಂದು ಆದೇಶ ಬಂತು. ನೀರಿನ ನಿರ್ವಹಣೆಯನ್ನು ಸುಧಾರಿಸಬೇಕು, ಗ್ರಾಹಕರಿಗೆ ಉತ್ತಮ ಸೇವೆ ಕೊಡಬೇಕು. ನಮ್ಮ ಎಂಜಿನಿಯರ್ ಸಾಹೇಬರು ಚಹಾ ತರಿಸಿ ಸಭೆ ಕರೆದರು. ಸಭೆಯೆಂದರೆ ಸಾಹೇಬರು, ನಾನು ಮತ್ತು ವಾಲ್ವ್ ತಿರುಗಿಸುವ ರಾಜೇಸಾಬ. ಗ್ರಾಹಕನೇ ನಮ್ಮ ದೇವರು ಎಂದು ಸಾಹೇಬರು ವಿವರಿಸಿದ ಮೇಲೆ ರಾಜೇಸಾಬ ತಲೆ ಕೆರೆದುಕೊಂಡು, "ನಮ್ಮೂರಾಗ ಗ್ರಾಹಕ್ರು ಅಂತ ಯಾರೂ ಇಲ್ರೀ ಸಾಹೇಬ್ರ. ಎಲ್ಲಾರೂ ಬೈಯಾವ್ರ ಅದಾರ," ಎಂದ. ಸಾಹೇಬರು ಅವನಿಗೆ ಇನ್ನೊಂದು ಕಪ್ ಚಹಾ ಕೊಡಿಸಿ, ಸುಧಾರಣೆಯ ಹೊಣೆಯನ್ನು ನನಗೆ ಒಪ್ಪಿಸಿದರು.

ನನ್ನ ಮನೆಯೂ ಉಳಿಯುತ್ತದೆ, ಊರಿನ ಸೇವೆಯೂ ಆಗುತ್ತದೆ ಎಂದು ನಾನು ಹುಮ್ಮಸ್ಸಿನಿಂದ ಹೊರಟೆ. ನೀರು ಬರುವ ಹೊತ್ತು ಗೊತ್ತಿಲ್ಲದಿರುವುದೇ ಜನರ ದೊಡ್ಡ ಕಷ್ಟವೆಂದು ನನಗೆ ಹೊಳೆಯಿತು. ಡಬ್ಬಿಗೆ ಕಿವಿ ಕೊಟ್ಟು ಕೂರುವುದು ಮನುಷ್ಯರ ಬಾಳೇ? ಇನ್ನು ಮುಂದೆ ದಿನಾಲು ಬೆಳಿಗ್ಗೆ ಗೊತ್ತುಪಡಿಸಿದ ಹೊತ್ತಿಗೆ ಸರಿಯಾಗಿ ನೀರು ಎಂದು ಡಂಗುರ ಸಾರಿಸಿದೆ. ರಾಜೇಸಾಬನಿಗೆ ಆಫೀಸಿನ ಗಡಿಯಾರವನ್ನೇ ಕೊಟ್ಟೆ. ಅವನು ಅದನ್ನು ಚೀಲದಲ್ಲಿ ಹಾಕಿಕೊಂಡು ಟಾಕಿಯ ಕೆಳಗೆ ಕೂತು, ಹೇಳಿದ ಹೊತ್ತಿಗೆ ನೀರು ಬಿಟ್ಟ.

ಊರು ಕೂಡ ಹೇಳಿದ ಹೊತ್ತಿಗೆ ಸಿದ್ಧವಾಗಿತ್ತು. ಮೊದಲಾದರೆ ಟಾಕಿಯ ಪಕ್ಕದ ಓಣಿಯವರು, ನೀರು ಬಂದೇ ಬರುತ್ತದೆ ಎಂಬ ಧೈರ್ಯದಲ್ಲಿ, ನಳ ಮುಚ್ಚಿಯೇ ಇಡುತ್ತಿದ್ದರು; ಮನೆಯಲ್ಲಿದ್ದವರು ಹಿಡಿಯುತ್ತಿದ್ದರು, ಇಲ್ಲದವರು ಬಿಡುತ್ತಿದ್ದರು. ಹಾಗೆ ಉಳಿದ ನೀರು ಕಡೀ ಓಣಿಯ ಮೊದಲ ಒಂದೆರಡು ಮನೆಗಾದರೂ ಮುಟ್ಟುತ್ತಿತ್ತು. ಈಗ ಹೊಲಕ್ಕೆ ಹೋಗುವವರು ನಿಂತರು, ಸಂತೆಗೆ ಹೋಗುವವರು ನಿಂತರು. ಕೊಡ, ಹಂಡೆ, ಬಾನಿ, ಕೊನೆಗೆ ಕಾಳಿನ ಡಬ್ಬಿಯನ್ನೂ ತೊಳೆದು ತಂದರು. ಎಮ್ಮೆಗಳಿಗೆ ಸ್ನಾನವಾಯಿತು. ನಮ್ಮ ಓಣಿಯಲ್ಲಿ ಆ ಮೊದಲ ಮನೆಗಳ ನಳವೂ ನಿಂತು, ನೀರಿನ ಬದಲು ಬರೀ ಗಾಳಿ ಬುಸ್ ಎಂದಿತು. ಅದುವರೆಗೆ ನೀಲವ್ವ ಒಬ್ಬಳೇ ಬೈಯುತ್ತಿದ್ದಳು. ಈಗ ಇಡೀ ಓಣಿ ಅವಳ ಜೊತೆಗೂಡಿತು. ಸುಧಾರಣೆ ಅಂದರೆ ಸಾರ್ವಜನಿಕರ ಸಹಭಾಗಿತ್ವ ಎಂದು ಆದೇಶದಲ್ಲಿ ಇದ್ದದ್ದು ಬಹುಶಃ ಇದೇ ಇರಬೇಕು.

ಆಫೀಸಿಗೆ ಬಂದು ಜಗಳಾಡಿದ ಹೆಂಗಸರನ್ನು ಕಂಡು ಸಾಹೇಬರು ಹೌಹಾರಿದರು. "ಯಾರು ಭಾಳ ಬೈತಾರ, ಅವ್ರಿಂದನ ಚಾಲೂ ಮಾಡ್ರಿ," ಎಂದು ಅಪ್ಪಣೆ ಕೊಟ್ಟರು. ಗ್ರಾಹಕ ಸೇವೆಯ ಬಗ್ಗೆ ಇಷ್ಟು ಸ್ಪಷ್ಟ ಸೂಚನೆ ನನ್ನ ನೌಕರಿಯಲ್ಲಿ ಮತ್ತೆಂದೂ ಸಿಗಲಿಲ್ಲ. ನಾನು ಸರದಿಯನ್ನೇ ತಿರುವಿಹಾಕಿದೆ. ಟಾಕಿ ಓಣಿಯ ವಾಲ್ವ್ ಮುಚ್ಚಿ ಮೊದಲು ಕಡೀ ಓಣಿಗೆ ನೀರು. ಅದು ತುಂಬಿಕೊಂಡ ಮೇಲೆ ಉಳಿದದ್ದು ಟಾಕಿ ಓಣಿಗೆ.

ಮರುದಿನ ನೀಲವ್ವನ ನಳ ಮೊದಲು ಕೆಮ್ಮಿತು, ಆಮೇಲೆ ಜೇಡವನ್ನೂ ಕೆಂಪು ತುಕ್ಕನ್ನೂ ಉಗುಳಿತು, ಆಮೇಲೆ ಮೊಣಕೈ ದಪ್ಪ ಸುರಿಯಿತು. ನೀಲವ್ವ ನಳಕ್ಕೆ ವಿಭೂತಿ ಬಳಿದು ಕಾಯಿ ಒಡೆದಳು. ಶಾರದೆ ನನ್ನ ಕಡೆ ನೋಡಿದ ನೋಟದಲ್ಲಿ ಮದುವೆಯಾದಾಗಿನಿಂದ ಕಾಣದಿದ್ದ ಗೌರವವಿತ್ತು. ನನಗಂತೂ ಎದೆ ಉಬ್ಬಿತು. ಆ ರಾತ್ರಿ ಊಟಕ್ಕೆ ನೀಲವ್ವ ಹೋಳಿಗೆ ಮಾಡಿದಳು. ಬೇಳೆ ಬೆಣ್ಣೆಯಂತೆ ಬೆಂದಿತ್ತು.

ಕಡೀ ಓಣಿಯವರು ವರ್ಷಗಟ್ಟಲೆ ಬಾಯಾರಿದವರು. ತುಂಬಿಕೊಂಡದ್ದು ಸಾಕು ಎಂದು ಹೇಳುವುದು ಅವರಿಗೆ ಗೊತ್ತೇ ಇರಲಿಲ್ಲ. ದಿನಾಲು ಅವರ ತುಂಬುವಿಕೆ ಮುಗಿಯುವಷ್ಟರಲ್ಲಿ ಟಾಕಿಯೂ ಮುಗಿಯುತ್ತಿತ್ತು. ಟಾಕಿಯ ನೆರಳಿನಲ್ಲೇ ಮನೆ ಇದ್ದವರು ತಲೆ ಎತ್ತಿ ಟಾಕಿಯನ್ನು ನೋಡುತ್ತ, ನಮ್ಮ ಓಣಿಗೆ ಕೊಡ ಹೊತ್ತು ಬರತೊಡಗಿದರು. ನಾನು ಅತ್ತ ಕಡೆ ಹೋಗುವುದನ್ನು ಬಿಟ್ಟೆ.

ಹದಿನೈದು ದಿನ ಕಳೆದಿರಬೇಕು. ನೀಲವ್ವ ಮತ್ತೆ ಬಾಗಿಲಿಗೆ ಬಂದಳು. ಈ ಸಲ ಮುಖದಲ್ಲಿ ನಾಚಿಕೆ ಬೆರೆತ ಸಂತೋಷ.

"ಅಲ್ರೀ, ನಮ್ಮ ಅಳಿಯಾ ಮಿಶ್ರಿಕೋಟಿಯಾಂವ, ಗೊತ್ತೈತೆಲ್ರಿ? ಹೋದ ವರ್ಷನ ಈ ಊರ ಸಾಲಿಗೆ ವರ್ಗ ಆಗೇತಿ. ಇಲ್ಲಿ ನೀರಿಲ್ಲ, ಅತ್ತಿ ಕಡಿಂದ ಜಳಕಕ್ಕ ನೀರು ಹೊರಸಂಗಿಲ್ಲ ಅಂತ ದಿನಾ ಬಸ್ಸಿನ್ಯಾಗ ಓಡ್ಯಾಡತಿದ್ದ. ಈಗ ನಳಾ ಬಂತು ಅಂತ ಕೇಳಿ, ಈ ಮುಂದಿನ ಮನ್ಯಾಗ ಇರಾಕ ಬರ್ತೀನಿ ಅಂದಾನ. ಮಗಳೂ ಕಣ್ಣ ಮುಂದ ಇರ್ತಾಳ." ಸ್ವಲ್ಪ ತಡೆದು, "ಎಲ್ಲಾ ನಿಮ್ಮ ಪುಣ್ಯಾರೀ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನೀರು ತರದಿದ್ದರೆ ಮನೆ ಬಿಡಬೇಕು ಎಂದಿದ್ದಳು. ತಂದರೆ ಇರಬಹುದು ಎಂದು ಅವಳು ಎಲ್ಲಿಯೂ ಹೇಳಿರಲಿಲ್ಲ. ಶಾರದೆ ಒಳಗೆ ಹೋಗಿ, ತೊಟ್ಟಿಲಿಗೆಂದು ತೊಲೆಗೆ ಕಟ್ಟಿಟ್ಟಿದ್ದ ಹಗ್ಗವನ್ನು ಬಿಚ್ಚಿ ಸುತ್ತತೊಡಗಿದಳು. ನನಗೆ ನಿಜಕ್ಕೂ ಸಂಕಟವಾಯಿತು. ಊರೆಲ್ಲ ಹುಡುಕಿದರೂ ಆಗ ಖಾಲಿ ಇದ್ದದ್ದು ಒಂದೇ ಮನೆ. ಅಲ್ಲಿದ್ದವರು ಬೇಸತ್ತು ಬಿಟ್ಟು ಹೋಗಿದ್ದರು.

ಸಾಮಾನು ಚಕ್ಕಡಿಗೆ ಏರಿತು. ನೀಲವ್ವ ಬೀಗರಿಗೆ ಮಾಡುವಂತೆ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನಳದ ನೀರು ತಂದು ನಮ್ಮ ಮುಂದೆ ಹಿಡಿದಳು. ಅಷ್ಟು ತಂಪಾದ ನೀರನ್ನು ನಾನು ಆ ಊರಿನಲ್ಲಿ ಕುಡಿದಿರಲಿಲ್ಲ.

"ಟಾಕಿ ಬಾಜೂಕನ ಮನಿ ಹಿಡದೀರಂತ, ಚಲೋ ಆತು ಬಿಡ್ರಿ. ಆದ್ರ ಅಲ್ಲಿ ಮಂದಿ ಯಾಕ ಇಲ್ಲಿಗೆ ಕೊಡಾ ಹೊತ್ಕೊಂಡ ಬರ್ತಾರ, ಅಲ್ಲೆ ನೀರು ಬರಂಗಿಲ್ಲೇನು?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಶಾರದೆ ಉತ್ತರಿಸಿದಳು: "ಮೊದಲ ಅಗದಿ ಚಲೋ ಬರ್ತಿದ್ದುವಂತ್ರಿ ಅವ್ವಾರ. ನಮ್ಮವರು ಸುಧಾರಣಾ ಮಾಡಿದ ಮ್ಯಾಲ ನಿಂತಾವು."

ಚಕ್ಕಡಿಯವನು ಗಟ್ಟಿಯಾಗಿ ನಕ್ಕ. ಮುಂದೆ ಎಂದು ಸಿಗುತ್ತದೋ ಎಂದು ನಾನು ಇನ್ನೊಂದು ತಂಬಿಗೆ ನೀರು ಕೇಳಿ ಕುಡಿದೆ.