ಹೋಗ್ತೀನಿ ಅನ್ನಲಾರದವನು

ನನಗೆ ‘ಹೋಗ್ತೀನಿ’ ಎನ್ನಲು ಬಾಯಿ ಬರುವುದಿಲ್ಲ. ಹೊಸಿಲು ದಾಟುವವನು ‘ಬರ್ತೀನಿ’ ಎನ್ನಬೇಕೆಂದು ಅಜ್ಜಿ ಕಲಿಸಿದ್ದನ್ನು ಬಚ್ಚಲಿಗೆ ಹೋಗುವಾಗಲೂ ಪಾಲಿಸುವವನು ನಾನು. ‘ಬಚ್ಚಲಿಂದ ವಾಪಸ್ ಬರದೆ ಇನ್ನೆಲ್ಲಿಗ್ರೀ ಹೋಗ್ತೀರಾ?’ ಎಂದು ಹೆಂಡತಿ ನಗುತ್ತಾಳೆ. ನಗಲಿ. ಕಾಲು ಜಾರಿದರೆ? ಗೀಸರ್ ಸಿಡಿದರೆ? ಚಿಂತಾಮಣಿ ಎಂಬ ಹೆಸರು ಪಕ್ಕದ ಊರಿಗಿಂತ ನನಗೇ ಚೆನ್ನಾಗಿ ಒಪ್ಪುತ್ತಿತ್ತು.

ಇಂಥವನು ಶಿಡ್ಲಘಟ್ಟದ ಒಂದು ಖಾಸಗಿ ಶಾಲೆಯ ಹೆಡ್‌ಮಾಸ್ಟರು. ಪಾಠದ ಜೊತೆಗೆ ಶಾಲಾ ಬಸ್ಸಿನ ಉಸ್ತುವಾರಿಯನ್ನೂ ತಲೆಗೆ ಕಟ್ಟಿದ ಕೋಪಕ್ಕೆ ಗಣಿತದ ಪದ್ಮಾವತಿ ಮೇಡಂ ಶನಿವಾರ ರಾಜೀನಾಮೆ ಬರೆದು ನನ್ನ ಮೇಜಿನ ಮೇಲೆ ಕುಕ್ಕಿ ಹೊರಟರು. ಸೋಮವಾರ ನೋಡಿದರೆ, ಏನೂ ಆಗದವರಂತೆ ಪ್ರಾರ್ಥನೆಗೆ ನಿಂತಿದ್ದಾರೆ! ಕರೆಸಿ, ‘ಏನ್ ಮೇಡಂ, ರಾಜೀನಾಮೆ ಕೊಟ್ರಲ್ಲ?’ ಎಂದೆ. ‘ಕೊಟ್ಟೆ, ಈಗ ವಾಪಸ್ ತಗೊಂತೀನಿ. ಆವತ್ತು ಬಾಗಿಲಲ್ಲಿ ನಿಂತು ಏನಂದೆ ಸಾರ್? ಬರ್ತೀನಿ ಅಂದೆ. ಹೋಗ್ತೀನಿ ಅಂದ್ನಾ?’ ‘ಅದು ಎಲ್ರೂ ಅನ್ನೋ ಮಾತು ಕಣಮ್ಮಾ!’ ‘ನೀವೇನಂದ್ರಿ? ಹೋಗ್ಬಿಟ್ ಬನ್ನಿ ಅಂದ್ರಿ. ಹೋಗಿದ್ದೆ, ಬಂದೆ. ಹತ್ತನೇ ಕ್ಲಾಸಲ್ಲಿ ಟ್ರಿಗ್ನಾಮೆಟ್ರಿ ಅರ್ಧಕ್ಕೆ ನಿಂತಿದೆ ಸಾರ್. ನಾನು ಮನೇಲಿ ಕೂತ್ರೆ ನಮ್ಮನೆ ಒಲೆ ಪೂರ್ತಿ ನಿಲ್ಲುತ್ತೆ.’

ಅವರನ್ನು ಕ್ಲಾಸಿಗೆ ಕಳಿಸಿದೆ. ಚಿಕ್ಕಬಳ್ಳಾಪುರದಲ್ಲಿರುವ ಶಾಲಾ ಮಂಡಳಿಯ ಕಾರ್ಯದರ್ಶಿಗಳಿಗೆ ಫೋನು ಮಾಡಿದೆ. ‘ಉಗಿದ ಎಲೆಅಡಿಕೆ ಮತ್ತೆ ಬಾಯಿಗೆ ಹಾಕ್ಕೊಂತಾರೇನ್ರೀ? ಕಳಿಸ್ರೀ ಆಯಮ್ಮನ್ನ!’ ಎಂದರು. ಅದೆಲ್ಲಿ ಅಡಗಿತ್ತೋ ರೋಷ, ಬಿ.ಪಿ. ಮಾತ್ರೆಯನ್ನೂ ಮೀರಿ ಉಕ್ಕಿತು. ‘ಆಗಲ್ಲ ಸಾರ್. ಮೇಡಂ ಆಗಲೇ ಕ್ಲಾಸಿಗೆ ಹೋದ್ರು. ರಾಜೀನಾಮೆ ನಾನು ಒಪ್ಪಿಲ್ಲ, ಒಪ್ಪೋದೂ ಇಲ್ಲ. ಅವರು ಬೇಡ ಅಂದ್ರೆ ನಾನೂ...’ ಇಲ್ಲಿ ‘ಹೋಗ್ತೀನಿ’ ಎಂದು ಗುಡುಗಬೇಕಿತ್ತು. ಹಾಳು ನಾಲಿಗೆ, ‘ಬರ್ತೀನಿ!’ ಎಂದುಬಿಟ್ಟಿತು. ಕಾರ್ಯದರ್ಶಿಗಳು ಅದನ್ನೇ ಹಿಡಿದುಕೊಂಡರು. ‘ಬನ್ನಿ ಬನ್ನಿ, ನಾಳೇನೇ ಬನ್ನಿ. ಎದುರಾಎದುರೇ ಮಾತಾಡಣ.’

ರಾಜೀನಾಮೆಯನ್ನು ಹರಿದು ಬುಟ್ಟಿಗೆ ಹಾಕಿದೆ. ಬಸ್ಸಿನ ಉಸ್ತುವಾರಿಯನ್ನು ನಾನೇ ಹೊತ್ತುಕೊಂಡೆ. ಕಾರ್ಯದರ್ಶಿಗಳು ಏನೇ ಅನ್ನಲಿ, ಮೇಡಂ ಇರುತ್ತಾರೆ. ಇಲ್ಲವೆಂದರೆ ನಾನೂ ಇರುವುದಿಲ್ಲ. ಈ ಸಲ ಆ ಮಾತನ್ನು ತಪ್ಪದೆ ಆಡಬೇಕಲ್ಲ, ಅಭ್ಯಾಸವಾಗಲೆಂದು ಇವತ್ತು ಬೆಳಗ್ಗೆ ಚಿಕ್ಕಬಳ್ಳಾಪುರಕ್ಕೆ ಹೊರಡುವಾಗ ಹೊಸಿಲ ಮೇಲೆ ಎದೆಯುಬ್ಬಿಸಿ ನಿಂತು, ರಾತ್ರಿಯೇ ಕಥೆಯೆಲ್ಲ ಕೇಳಿದ್ದ ಹೆಂಡತಿಗೆ ‘ಹೋಗ್ತೀನಿ ಕಣೇ’ ಎಂದೇಬಿಟ್ಟೆ. ಬಸ್ ಸ್ಟ್ಯಾಂಡಿನ ಅರ್ಧ ದಾರಿಗೇ ಎದೆ ಡವಗುಟ್ಟತೊಡಗಿತು. ಓಡಿ ಹಿಂದಿರುಗಿ, ಏದುಸಿರು ಬಿಡುತ್ತ ‘ಬರ್ತೀನಿ’ ಎಂದು ತಿದ್ದಿದೆ.

‘ಏನ್ರೀ,’ ಎಂದಳು ಅವಳು, ‘ನೀವೂ ವಾಪಸ್ ತಗೊಂಡ್ರಾ?’